ಶಾಸನ ಛಾಯಾಚಿತ್ರಗಳ ಸಾಮೂಹಿಕ ಮರುನಾಮಕರಣ

ಅರಸೀಕೆರೆ, ಬೇಲೂರು, ಹಳೇಬೀಡುಗಳ ಶಾಸನಗಳನ್ನು ಅಭ್ಯಸಿಸುವ ವಿದ್ಯಾರ್ಥಿಯು ಊರಿಂದ ಮರಳುವಾಗ ನೂರಾರು ಛಾಯಾಚಿತ್ರಗಳನ್ನು ತರುತ್ತಾನೆ. ಕ್ಯಾಮೆರವು ಒಂದೊಂದಕ್ಕೂ ಬರಿಯ ಕ್ರಮಾಂಕವನ್ನು ಕೊಟ್ಟಿರುತ್ತದೆ. ಅದು ಯಾವ ಊರಿನ ಯಾವ ಕಲ್ಲೆಂಬುದು ಅದರಿಂದ ತಿಳಿಯದು. ಇಂತಹ ಕಡತಗಳಲ್ಲಿ ಬೇಕಾದುವನ್ನು ಆರಿಸಿ ಒಮ್ಮೆಗೇ ಹೆಸರಿಡುವ ಆದೇಶವನ್ನು ಗಣಕಯಂತ್ರದಲ್ಲಿ ನಾವೇ ರಚಿಸಿಕೊಳ್ಳಬಹುದು. ಆದರೆ ಹೆಸರಿನ ಕ್ರಮವನ್ನು ಮೊದಲು ನಿಶ್ಚಯಿಸಬೇಕಾದವನು ಸಂಶೋಧಕನೇ.

ರೈಸರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟದಲ್ಲಿ ಪ್ರತಿ ತಾಲ್ಲೂಕಿಗೂ ಎಣಿಕೆಯು 1ರಿಂದಲೇ ಆರಂಭವಾಗುತ್ತದೆ. ಹಳೇಬೀಡಿನ ಶಾಸನಗಳು ಬೇಲೂರು ತಾಲ್ಲೂಕಿನ ಎಣಿಕೆಯಲ್ಲಿ ಸೇರಿವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಖ್ಯೆಗಳು ಹೊಸವು. ಆದುದರಿಂದ ‘58’ ಎಂದಷ್ಟೇ ಬರೆದ ಕಡತವು ಓದುಗನನ್ನು ಬೇರೆಯೇ ಕಲ್ಲಿಗೆ ಒಯ್ದೀತು. ‘ಬೇಲೂರು-1902-0058-2’ ಎಂದು ತಾಲ್ಲೂಕು, ಆವೃತ್ತಿಯ ವರ್ಷ, ಶಾಸನಸಂಖ್ಯೆ, ಕಲ್ಲಿನ ಮುಖ ಇವನ್ನು ಕೂಡಿಸಿಡುವುದು ಕ್ಷೇಮ. ಮುಂದಿನ ಸೊನ್ನೆಗಳು ಅಲಂಕಾರಕ್ಕಲ್ಲ. ಅವಿಲ್ಲದಿದ್ದರೆ ಅನೇಕ ಪಟ್ಟಿಗಳಲ್ಲಿ 1ರ ಬಳಿಕ 10, 100 ಬಂದು, 2 ಅವುಗಳ ಹಿಂದೆ ನಿಲ್ಲುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಲಿಪಿಯಲ್ಲಿದೆ. ಯೂನಿಕೋಡಿನಲ್ಲಿ ‘ಬೇ’ ಎಂಬ ಅಕ್ಷರವನ್ನು ಬಕಾರ ಮತ್ತು ಏಕಾರದ ಒಂದೇ ಚಿಹ್ನೆಯಿಂದ ಬರೆಯಬಹುದು. ಬಕಾರ, ಎಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹೋಲಿಸಿ ಆರಿಸುವ ಆದೇಶಕ್ಕೆ ಎರಡೂ ಬೇರೆ. ಆಪಲ್ ಯಂತ್ರಗಳ ಹಿಂದಿನ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿಯೇ ಇಡುತ್ತಿದ್ದಿತು. ಅಲ್ಲಿಂದ ಬಂದ ‘ಬೇಲೂರು’, ಬೇರೆಡೆ ಬೆರಳಚ್ಚಾದ ‘ಬೇಲೂರು’ ಒಂದೇ ಸಂಗ್ರಹದಲ್ಲಿ ಸೇರಿದಾಗ ಆಯ್ಕೆಯಿಂದ ಕೆಲವು ಚಿತ್ರಗಳು ಸದ್ದಿಲ್ಲದೆ ಬಿಟ್ಟುಹೋಗುವುವು. ಹಳೇಬೀಡಿನ ‘ಳೇ’, ‘ಬೀ’ಗಳಲ್ಲಿಯೂ ಅರಸೀಕೆರೆಯ ‘ಸೀ’ಯಲ್ಲಿಯೂ ಇದೇ ಅಪಾಯವುಂಟು. ಎಕಾರ ಏಕಾರಗಳ ಭೇದವನ್ನು ಸಾಮಾನ್ಯವಾಗಿ ತೋರಿಸದಿದ್ದ ಹೊಯ್ಸಳರ ಕಾಲದ ಲಿಪಿಕಾರನಿಗೆ ಈ ಚಿಂತೆಯಿರಲಿಲ್ಲ!

ಆದುದರಿಂದ ಆಯ್ಕೆಗೆ ಮುನ್ನ ಹೆಸರುಗಳನ್ನೆಲ್ಲ ಕೂಡಿದ ರೂಪಕ್ಕೆ ತರಬೇಕು. ಲಿನಕ್ಸಿನಲ್ಲಿ ಕನ್ವ್‌ಎಂವಿ ಎಂಬ ಆದೇಶವು ಇದನ್ನು ಮಾಡುತ್ತದೆ. ಅದರ ಒಂದು ಗುಣ ಮೆಚ್ಚತಕ್ಕದ್ದು. ಸ್ಪಷ್ಟವಾಗಿ ಅಪ್ಪಣೆ ಕೊಡುವವರೆಗೆ ಅದು ಏನೇನು ಬದಲಾಗುವುದೆಂದು ತೋರಿಸುತ್ತದೆಯೇ ಹೊರತು ಯಾವುದನ್ನೂ ಬದಲಿಸದು. ‘ಅರಸಿಕೆರೆ’, ‘ಅರಸೀಕೆರೆ’ ಎಂಬ ಕಾಗುಣಿತಭೇದವನ್ನು ಮಾತ್ರ ಅದು ಸರಿಪಡಿಸಲಾರದು. ಎರಡನ್ನೂ ಆಯ್ಕೆಯ ಮಾದರಿಯಲ್ಲಿ ನಾವೇ ಸೇರಿಸಬೇಕು.

ಬಳಿಕ ಹೆಸರು ಬದಲಿಸುವ ಆದೇಶ. ಸಾಮಾನ್ಯವಾಗಿ ಬಳಸುವ ಎಂವಿ ಆದೇಶವು ಹೊಸ ಹೆಸರಿನ ಕಡತವು ಆಗಲೇ ಇದ್ದರೆ, ಕೇಳದೆಯೇ ಅದನ್ನು ಅಳಿಸಿ ಅದರ ಸ್ಥಾನದಲ್ಲಿ ಬೇರೊಂದನ್ನು ಇರಿಸಬಲ್ಲುದು. ಹಾಗೆ ಮಾಡದಂತೆ ತಡೆಯುವ ಸೂಚನೆಯನ್ನು ಆದೇಶದಲ್ಲಿಯೇ ಬರೆದಿಡತಕ್ಕದ್ದು. ಹಳೆಯ ಹೆಸರು, ಹೊಸ ಹೆಸರುಗಳ ಜೋಡಿಪಟ್ಟಿಯನ್ನೂ ಅದೇ ಆದೇಶದಿಂದ ಬರೆಯಿಸಿ ಚಿತ್ರಗಳೊಡನೆ ಇಟ್ಟರೆ, ಕ್ಯಾಮೆರದ ಕ್ರಮಾಂಕವನ್ನು ಗುರುತಿಸಿಕೊಂಡ ಕ್ಷೇತ್ರಕಾರ್ಯದ ಟಿಪ್ಪಣಿಪುಸ್ತಕವೂ ನಿರುಪಯೋಗವಾಗುವುದಿಲ್ಲ.