ಓಡುವವನೂ ಓಡಿಸುವವನೂ

ಈ ಸ್ಮರಣ ಸಂಪುಟದ ಬೆರಳಚ್ಚಿನ ಕಾರ್ಯವು ನಡೆಯುತ್ತಿದ್ದಾಗ ನಮ್ಮ ಶಾಲೆಯ ಗಣಕಯಂತ್ರವು ದಿನೇ ದಿನೇ ಮಂದವಾಗತೊಡಗಿತು. ಒತ್ತಿದ ಅಕ್ಷರವು ತೆರೆಯ ಮೇಲೆ ಮೂಡುವಷ್ಟರಲ್ಲಿ ಮುಂದಿನ ಪದವೇ ಮರೆತುಹೋಗುವಂಥ ಸ್ಥಿತಿ. ಪರಿಶೀಲಿಸಲಾಗಿ, ಎಂದೋ ಕೆಟ್ಟು ಗುಜರಿಯ ಪಾಲಾದ ಪ್ರಿಂಟರೊಂದರ ಸಹಾಯಕ ಪ್ರೋಗ್ರಾಂ ತೆರೆಮರೆಯಲ್ಲಿ ಇನ್ನೂ ಓಡುತ್ತಿದ್ದುದು ಕಂಡುಬಂದಿತು. ಅದನ್ನು ನಿಲ್ಲಿಸಿದೆ, ತುಸು ಹೊತ್ತಿನಲ್ಲೇ ಮತ್ತೆ ಓಡತೊಡಗಿತು. ಮೂರು ಬಾರಿ ಹೀಗೆಯೇ ಆಯಿತು.

ವ್ಯಾಕರಣವನ್ನು ಬಲ್ಲವರಿಗೆ ಇದರ ಮರ್ಮವು ಕಠಿನವಲ್ಲ. ‘ಓಡು’ ಎಂಬ ಧಾತುವಿಗೆ ‘ಇಸು’ ಪ್ರತ್ಯಯವು ಸೇರಿ ‘ಓಡಿಸು’ ಎಂದಾದಾಗ, ಓಡುವವನ ಹಿಂದೆ ಓಡಿಸುವ ಪ್ರೇರಕನೊಬ್ಬನು ನಿಲ್ಲುತ್ತಾನೆ. ನಾನು ಓಡುವವನನ್ನಷ್ಟೇ ಹಿಡಿಯುತ್ತಿದ್ದೆ.

ವಿಂಡೋಸ್ ಇರುವ ಯಂತ್ರಗಳಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿಯ ‘ಎಂಡ್ ಟಾಸ್ಕ್’ ಆ ಕ್ಷಣದ ಓಟವನ್ನು ಮಾತ್ರ ತಡೆಯುತ್ತದೆ. ಪ್ರೇರಕನನ್ನು ‘ಸರ್ವೀಸಸ್’ ಎಂಬ ಬೇರೊಂದು ಪಟ್ಟಿಯಲ್ಲಿ ಹುಡುಕಬೇಕು. ಅಲ್ಲಿ ಆಯಾ ಸೇವೆಯ ವಿವರವನ್ನು ತೆರೆದರೆ ‘ರಿಕವರಿ’ ಎಂಬ ಭಾಗವುಂಟು. ಸೇವೆಯು ಅಕಸ್ಮಾತ್ತಾಗಿ ನಿಂತರೆ ಏನು ಮಾಡತಕ್ಕದ್ದೆಂಬ ಆಜ್ಞೆಯು ಅಲ್ಲಿರುತ್ತದೆ. ಮರಳಿ ಆರಂಭಿಸಬೇಕೆಂದಿದ್ದರೆ, ನಾವು ಬಲವಂತವಾಗಿ ಕೊನೆಗೊಳಿಸಿದ್ದನ್ನೂ ಯಂತ್ರವು ಅಪಘಾತವೆಂದೇ ಬಗೆದು ಅದನ್ನು ಎಬ್ಬಿಸಿ ನಿಲ್ಲಿಸುತ್ತದೆ. ಯಂತ್ರದ್ದು ತಪ್ಪಲ್ಲ, ಅತಿನಿಷ್ಠೆ! ಆದಕಾರಣ ಈ ಪಟ್ಟಿಯಲ್ಲಿಯೇ ‘ಸ್ಟಾಪ್’ ಒತ್ತಿ, ಆರಂಭದ ಬಗೆಯನ್ನು ‘ಡಿಸೇಬಲ್ಡ್’ ಎಂದು ಬದಲಿಸಬೇಕು.

ನಮ್ಮಲ್ಲಿ ಅಷ್ಟಕ್ಕೂ ತೀರಲಿಲ್ಲ. ಮರುದಿನ ಬೆಳಿಗ್ಗೆ ಅದು ಮತ್ತೆ ಹಾಜರು! ಯಾರಾದರೂ ಲಾಗಿನ್ ಆದೊಡನೆ ಅದನ್ನು ಎಬ್ಬಿಸಬೇಕೆಂಬ ಇನ್ನೊಂದು ಕಟ್ಟಳೆ ‘ಟಾಸ್ಕ್ ಷೆಡ್ಯೂಲರ್’ನಲ್ಲಿ ಅಡಗಿತ್ತು. ಪ್ರೇರಕರು ಇಬ್ಬರಿದ್ದರು!

ಲಿನಕ್ಸ್ ಬಳಸುವ ಹಳೆಯ ವಿದ್ಯಾರ್ಥಿಗಳು ಇಂಥ ಪ್ರೋಗ್ರಾಂಗಳನ್ನು ‘ಡೀಮನ್’ ಎಂದು ಕರೆಯುವುದನ್ನು ಬಲ್ಲರು. 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ, ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ಲನು ಕಲ್ಪಿಸಿದ ಭೂತವನ್ನು ನೆನೆದು ಇಟ್ಟ ಹೆಸರದು. ಇಂದಿನ ಬಹುತೇಕ ಲಿನಕ್ಸ್‌ಗಳಲ್ಲಿ ಸಿಸ್ಟಂ‌ಡಿ ಎಂಬುದು ಇವುಗಳ ಮೇಲ್ವಿಚಾರಕ. ಅದರ ‘ಡಿಸೇಬಲ್’ ಆಜ್ಞೆಯಾದ ಮೇಲೂ ಬೇರೊಂದು ಸೇವೆಯು ಕರೆದರೆ ಭೂತವು ಎದ್ದೀತು. ‘ಮಾಸ್ಕ್’ ಮಾಡಿದರೆ ಯಾರು ಕರೆದರೂ ಏಳದು.

ಹೆಸರು ಅಪರಿಚಿತವೆಂದ ಮಾತ್ರಕ್ಕೆ ಯಾವುದನ್ನೂ ನಿಲ್ಲಿಸಲಾಗದು. ಆ ಪಟ್ಟಿಯಲ್ಲಿ ಯಂತ್ರದ ಪ್ರಾಣಾಧಾರವಾದ ಸೇವೆಗಳೂ, ವೈರಸ್ ತಡೆಯುವ ಕಾವಲುಗಾರರೂ ಇರುತ್ತಾರೆ. ಅದರ ಕಡತವು ಯಾವ ಕಂಪನಿಯದೆಂದು ನೋಡಿ, ಮೊದಲಿದ್ದ ಸ್ಥಿತಿಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡೇ ನಾನು ಕೈಹಾಕಿದೆ. ಕಡೆಗೆ ‘ಸೆಟ್ಟಿಂಗ್ಸ್’ನ ಪಟ್ಟಿಗೆ ಹೋಗಿ ಆ ಪ್ರೋಗ್ರಾಮನ್ನೇ ಅನ್‌ಇನ್‌ಸ್ಟಾಲ್ ಮಾಡಿದ ಮೇಲೆ, ಉಳಿದ ಲೇಖನಗಳ ಬೆರಳಚ್ಚು ನಾಲ್ಕೇ ದಿನಗಳಲ್ಲಿ ಮುಗಿಯಿತು.