'ಒಬ್ಬನೇ ಇದ್ದೇನೆ' ಅಂದರೆ ಏನರ್ಥ?

ಗಲ್ಫ್‌ನಿಂದ ಫೋನ್ ಮಾಡಿದ ಮಗ "ಒಬ್ಬನೇ ಇದ್ದೇನೆ ಉಮ್ಮ" ಅಂತಾನೆ. ಈ ಮಾತಿಗೆ ಅರ್ಥ ಒಂದೇ ಅಲ್ಲ. ಹಲವು ಭಾಷೆ ಬೆರೆತ ಊರುಗಳಲ್ಲಿ ಇದು ಬೇಗ ತಿಳಿಯುತ್ತದೆ.

ಉದ್ಗೀರ್, ನಿಲಂಗಾ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ಈಗ ಮಹಾರಾಷ್ಟ್ರದ ಲಾತೂರ್‌ನಲ್ಲಿವೆ. ಉಮರ್ಗಾವೂ ಅದೇ ಗಡಿಯ ಊರು. ಮರಾಠಿ, ಉರ್ದು, ಕನ್ನಡ ಮೂರೂ ಅಲ್ಲಿವೆ. ಮರಾಠಿಯ 'ಏಕಟಾ' ಅಂದರೆ ಜೊತೆಗೆ ಯಾರೂ ಇಲ್ಲ, ಅಷ್ಟೇ. 'ಏಕಾಕಿ' ಅಂದರೆ ಮನಸ್ಸಿಗೂ ಜೊತೆಯಿಲ್ಲ. ಉರ್ದುವಿನಲ್ಲಿ 'ಅಕೇಲಾ' ಬರೀ ಲೆಕ್ಕದ ಮಾತು, 'ತನ್‌ಹಾಯಿ'ಯಲ್ಲಿ ಹೆಚ್ಚಾಗಿ ನೋವಿದೆ, 'ಖಲ್ವತ್' ತಾನಾಗಿ ಬಯಸಿದ್ದು. ಕನ್ನಡದಲ್ಲೂ ಏಕಾಂತ ಬೇರೆ, ಒಂಟಿತನ ಬೇರೆ.

ಜಪಾನಿನಲ್ಲೂ ಹೀಗೆಯೇ. 'ಹಿತೋರಿ' ಅಂದರೆ ಒಬ್ಬರೇ. 'ಸಬಿಶೀ' ಅಂದರೆ ಜೊತೆಯಿಲ್ಲದ ಕೊರಗು. 'ಕೊದೊಕುಶಿ' ಅಂದರೆ ಯಾರಿಗೂ ತಿಳಿಯದೆ ಒಬ್ಬರೇ ಸಾಯುವುದು. ಒಂಟಿತನದ ಸಮಸ್ಯೆಗೆಂದೇ 2021ರಲ್ಲಿ ಅಲ್ಲಿ ಒಬ್ಬ ಸಚಿವರಿಗೆ ಹೊಣೆ ವಹಿಸಲಾಯಿತು.

ರಮಝಾನಿನ ಕೊನೆಯ ಹತ್ತರಲ್ಲಿ ಇಅ್ತಿಕಾಫ್ ಕೂತವನು ಒಬ್ಬನೇ ಇದ್ದರೂ ಒಂಟಿಯಲ್ಲ. ಆರು ಜನರ ರೂಮಿನಲ್ಲಿ ಮಲಗುವ ಹುಡುಗ ಒಂಟಿಯಾಗಿರಬಹುದು. ಆದ್ದರಿಂದ "ಊಟ ಆಯ್ತಾ" ಅಂತ ಕೇಳಿ ಫೋನ್ ಇಡಬೇಡಿ. ಮನಸ್ಸು ಹೇಗಿದೆ ಅಂತಲೂ ಕೇಳಿ, ಉತ್ತರ ಬರುವ ತನಕ ಕಾಯಿರಿ.