ಹಳೆಯ ಎಮ್.ಜಿ.ಬಿ. ಗಾಡಿಗೆ ತಕ್ಕ ಜ್ಯಾಕಿ

ಮೋಟಾರು ಗಾಡಿಯ ಸಾಮಾನುಗಳಲ್ಲಿ ಜ್ಯಾಕಿಯಷ್ಟು ಅನಾದರಕ್ಕೆ ಪಾತ್ರವಾದ ವಸ್ತು ಮತ್ತೊಂದಿಲ್ಲ. ಡಿಕ್ಕಿಯ ಮೂಲೆಯಲ್ಲಿ ಹಳೆಯ ಗೋಣಿಯ ಕೆಳಗೆ ಅದು ವರ್ಷಗಟ್ಟಲೆ ಬಿದ್ದಿರುತ್ತದೆ. ಚಕ್ರದ ಗಾಳಿ ಹೋದ ದಿನ ಮಾತ್ರ ಅದರ ನೆನಪಾಗುವುದು. ಆ ದಿನ ಮಳೆಯೂ ಬೀಳುತ್ತಿರುವುದೇ ವಾಡಿಕೆ. ಈಚಿನ ಗಾಡಿಗಳಿಗೆ ತಯಾರಕರು ಜ್ಯಾಕಿಯನ್ನು ಕೊಟ್ಟಿದ್ದರೆ ಯಜಮಾನನಿಗೆ ಆ ಯೋಚನೆಯಿಲ್ಲ. ಆದರೆ ನಲವತ್ತು, ಐವತ್ತು, ಅರವತ್ತು ವರ್ಷಗಳ ಹಳೆಯ ಸ್ಪೋರ್ಟ್ಸ್ ಕಾರನ್ನು ಆಸೆಪಟ್ಟು ಕೊಂಡವರ ಪಾಡು ಬೇರೆ. ಐದಾರು ಕೈ ದಾಟಿ ಬಂದ ಗಾಡಿಯಲ್ಲಿ ಎಂಜಿನು ಇರುತ್ತದೆ, ದೀಪಗಳಿರುತ್ತವೆ, ಜ್ಯಾಕಿಯಿರುವುದಿಲ್ಲ. ಇದ್ದರೂ ಅದು ಮತ್ತಾವುದೋ ಗಾಡಿಯದಾಗಿರುತ್ತದೆ.

ನಮ್ಮ ದೇಶದಲ್ಲಿ ಹೆಚ್ಚಿನ ಚಕ್ರವನ್ನು ಇಂದಿಗೂ ‘ಸ್ಟೆಪ್ನಿ’ ಎಂದು ಕರೆಯುವುದು ವಾಚಕರಿಗೆಲ್ಲ ತಿಳಿದದ್ದೇ. ವೇಲ್ಸ್ ಪ್ರಾಂತದ ಲನೆಲಿ ಪಟ್ಟಣದಲ್ಲಿ ಸ್ಟೆಪ್ನಿ ಎಂಬ ಬೀದಿಯುಂಟು. ಅಲ್ಲಿನ ಡೇವಿಸ್ ಸಹೋದರರು 1904ರಲ್ಲಿ ತಯಾರಿಸಿದ ತಾತ್ಕಾಲಿಕ ಚಕ್ರಕ್ಕೆ ಬೀದಿಯ ಹೆಸರೇ ಹೆಸರಾಯಿತು. ಇಂಗ್ಲಿಷರೇ ಬಹುಮಟ್ಟಿಗೆ ಮರೆತ ಆ ಮಾತು ನಮ್ಮ ಗ್ಯಾರೇಜುಗಳಲ್ಲಿ ಮನೆಮಾತಾಗಿ ಉಳಿದಿರುವುದು ವಿನೋದವೇ ಸರಿ. ಆದರೆ ಸ್ಟೆಪ್ನಿಯನ್ನು ಎಷ್ಟು ಜೋಪಾನ ಮಾಡಿದರೂ ಗಾಡಿಯನ್ನು ಎತ್ತುವ ಸಾಧನವಿಲ್ಲದಿದ್ದರೆ ಅದು ಬರಿಯ ಹೊರೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಇಂಗ್ಲೆಂಡಿನ ಎಮ್.ಜಿ.ಬಿ. ಎಂಬ ಗಾಡಿ. ಅಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರ ವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಗಾಡಿಗಳು ಹಳೆಯ ಗಾಡಿಗಳ ಪ್ರಿಯರಲ್ಲಿ ಇಂದಿಗೂ ಬಹಳವಾಗಿ ಬಳಕೆಯಲ್ಲಿವೆ. ಇದಕ್ಕೆ ಹಿಂದಿನ ಎಮ್.ಜಿ.ಎ. ಗಾಡಿಗೆ ಕೆಳಗೆ ಪ್ರತ್ಯೇಕವಾದ ಉಕ್ಕಿನ ಚೌಕಟ್ಟಿದ್ದು, ಮೈಯ ತಗಡನ್ನು ಅದರ ಮೇಲೆ ಕೂಡಿಸುತ್ತಿದ್ದರು. ಎಮ್.ಜಿ.ಬಿ.ಯಲ್ಲಿ ಅಂತಹ ಚೌಕಟ್ಟಿಲ್ಲ. ತಗಡನ್ನು ಮಡಿಸಿ ಬೆಸೆದ ಮೈಯೇ ಬೆನ್ನೆಲುಬು. ಮೇಲೆ ಗಟ್ಟಿಯಾದ ಛಾವಣಿಯಿಲ್ಲದ ತೆರೆದ ಗಾಡಿಯಲ್ಲಿ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದು ನಿಲ್ಲಿಸತಕ್ಕ ಮುಖ್ಯ ಆಧಾರವೆಂದರೆ ಎರಡು ಬಾಗಿಲುಗಳ ಕೆಳಗೆ ಪೆಟ್ಟಿಗೆಯ ಆಕಾರದಲ್ಲಿ ಉದ್ದಕ್ಕೆ ಹಾಯ್ದಿರುವ ಹೊಸ್ತಿಲು. ಜ್ಯಾಕಿಯ ಕಥೆಯೆಲ್ಲ ಈ ಹೊಸ್ತಿಲಿನ ಕಥೆಯೇ.

ಕಾರ್ಖಾನೆಯವರು ಪ್ರತಿ ಹೊಸ್ತಿಲಿನಲ್ಲಿಯೂ ಒಂದೊಂದು ಗೂಡನ್ನು ಬೆಸೆದಿದ್ದರು. ಅವರು ಕೊಟ್ಟ ಜ್ಯಾಕಿ ಒಂದು ಕಂಬದಂತಹ ಸಾಧನ. ಕಂಬದೊಳಗೆ ತಿರುಪು, ಪಕ್ಕಕ್ಕೆ ಚಾಚಿದ ಒಂದು ತೋಳು. ತೋಳನ್ನು ಗೂಡಿನೊಳಗೆ ತುದಿಯವರೆಗೂ ತೂರಿಸಿ ತಿರುಪನ್ನು ತಿರುಗಿಸಿದರೆ ಆ ಕಡೆಯ ಮುಂದಿನ ಹಿಂದಿನ ಎರಡು ಚಕ್ರಗಳೂ ಒಟ್ಟಿಗೆ ನೆಲಬಿಟ್ಟು ಮೇಲೇಳುವುವು. ಕಂಬವನ್ನು ನೆಟ್ಟಗೆ ನಿಲ್ಲಿಸದೆ ಅದರ ತಲೆಯನ್ನು ಸ್ವಲ್ಪ ಹೊರಕ್ಕೆ ವಾಲಿಸಬೇಕೆಂದು ಕೈಪಿಡಿಯಲ್ಲಿ ಎಚ್ಚರಿಕೆಯುಂಟು. ಕಾರಣ ಸುಲಭವಾಗಿದೆ. ಗಾಡಿಯ ಒಂದು ಮಗ್ಗುಲು ಏಳುವಾಗ ಎದುರು ಮಗ್ಗುಲಿನ ಚಕ್ರಗಳನ್ನೇ ತಿರುಗಣೆಯಾಗಿ ಮಾಡಿಕೊಂಡು ಬಾಗಿಲಿನಂತೆ ಕಮಾನಿನಲ್ಲಿ ಮೇಲೇಳುತ್ತದೆ. ಮೊದಲೇ ಹೊರಕ್ಕೆ ವಾಲಿದ್ದ ಕಂಬವು ಆಗ ತಾನಾಗಿ ನೆಟ್ಟಗಾಗುತ್ತದೆ. ಮೊದಲೇ ನೆಟ್ಟಗಿದ್ದರೆ ಒಳಕ್ಕೆ ವಾಲಿ, ಅಡಿ ಜಾರಿ, ಗಾಡಿ ದೊಪ್ಪನೆ ಬೀಳುವ ಅಪಾಯವುಂಟು.

ಗಾಡಿ ಹೊಸದಾಗಿದ್ದಾಗ ಇದು ಒಳ್ಳೆಯ ಏರ್ಪಾಡೇ. ಬಟ್ಟೆ ಕೊಳೆಯಾಗದಂತೆ, ನೆಲದ ಮೇಲೆ ಮಲಗದೆ ಚಕ್ರ ಬದಲಾಯಿಸಬಹುದಾಗಿತ್ತು. ಆದರೆ ಇಂಗ್ಲೆಂಡಿನ ಚಳಿಗಾಲದಲ್ಲಿ ರಸ್ತೆಯ ಮಂಜು ಕರಗಲೆಂದು ಉಪ್ಪು ಚೆಲ್ಲುವುದು ಪದ್ಧತಿ. ಉಪ್ಪುನೀರು ಗೂಡಿನ ಸುತ್ತಲೂ ಹೊಸ್ತಿಲಿನ ಒಳಕ್ಕೂ ಇಳಿದು ಅಲ್ಲಿಯೇ ನಿಲ್ಲುತ್ತದೆ. ತುಕ್ಕು ಒಳಗಿನಿಂದ ತಿನ್ನುತ್ತ ಬರುವುದು. ಹೊರಗೆ ಬಣ್ಣ ಮಿರುಗುತ್ತಲೇ ಇರುವುದು. ಮೂಲ ಜ್ಯಾಕಿಯೇ ಬೇಕೆಂದು ವರ್ಷಗಟ್ಟಲೆ ಹುಡುಕಿ ತಂದು, ಸಂತೋಷದಿಂದ ಗೂಡಿಗೆ ಸಿಕ್ಕಿಸಿ ತಿರುಗಿಸಿದರೆ, ಏಳುವುದು ಗಾಡಿಯಲ್ಲ; ಗೂಡೇ ಹೊಸ್ತಿಲನ್ನು ಸೀಳಿಕೊಂಡು ಮೇಲಕ್ಕೆ ನುಗ್ಗುತ್ತದೆ. ಆದುದರಿಂದ ಜ್ಯಾಕಿಯನ್ನು ಆರಿಸುವವರು ಮೊದಲು ನೋಡತಕ್ಕದ್ದು ಜ್ಯಾಕಿಯನ್ನಲ್ಲ, ಗಾಡಿಯನ್ನು. ಯಾವ ಜಾಗ ಭಾರವನ್ನು ತಾಳಬಲ್ಲುದೆಂದು ಗೊತ್ತಾದ ಮೇಲೆಯೇ ಆ ಜಾಗಕ್ಕೆ ಯಾವ ಜ್ಯಾಕಿ ಹೊಂದುವುದೆಂಬ ಪ್ರಶ್ನೆ.

ಹೊಸ್ತಿಲಿನ ಬಲವನ್ನು ಮನೆಯಲ್ಲಿಯೇ ಪರೀಕ್ಷಿಸುವ ಕ್ರಮವೊಂದುಂಟು. ಬಾಗಿಲನ್ನು ಮುಚ್ಚಿ, ಬಾಗಿಲಿನ ಹಿಂದಂಚಿಗೂ ಮೈಗೂ ನಡುವಿನ ಸಂದನ್ನು ಕಣ್ಣಳತೆಯಲ್ಲಿ ಗುರುತಿಸಿಕೊಳ್ಳಿರಿ. ಬಳಿಕ ಆ ಕಡೆಯನ್ನು, ಚಕ್ರಗಳು ನೆಲವನ್ನು ಬಿಡದಷ್ಟು ಮಾತ್ರ, ಮೆಲ್ಲಗೆ ಎತ್ತಿರಿ. ಸಂದು ಮೊದಲಿನಂತೆಯೇ ಇದ್ದು ಬಾಗಿಲು ಸುಲಭವಾಗಿ ತೆರೆದು ಮುಚ್ಚಿದರೆ ಹೊಸ್ತಿಲಿನಲ್ಲಿ ಜೀವವಿದೆ. ಸಂದು ಒಂದು ಕಡೆ ಕಿರಿದಾಗಿ, ಒಂದು ಕಡೆ ಅಗಲವಾಗಿ, ಬಾಗಿಲು ಉಜ್ಜತೊಡಗಿದರೆ ಮೈಯೇ ಬಾಗುತ್ತಿದೆಯೆಂದು ಅರ್ಥ. ಒಳಗೆ ಪುಡಿ ಉದುರುವ ಸದ್ದು ಕೇಳಿದರಂತೂ ಬೇರೆ ಸಾಕ್ಷಿ ಬೇಡ. ಅಂತಹ ಗಾಡಿಗೆ ಮೊದಲು ಬೇಕಾದವನು ಬೆಸುಗೆಯವನು. ಜ್ಯಾಕಿಯ ಮಾತು ಆಮೇಲೆ. ಮೂಲ ಅಚ್ಚುಗಳನ್ನೇ ಉಪಯೋಗಿಸಿ ಎಮ್.ಜಿ.ಬಿ.ಯ ಮೈಯನ್ನು ಮತ್ತೆ ತಯಾರಿಸುವ ಕೆಲಸವು ಇಂಗ್ಲೆಂಡಿನಲ್ಲಿ 1988ರಲ್ಲಿ ಮೊದಲಾಯಿತೆಂದರೆ, ಈ ತುಕ್ಕಿನ ರೋಗ ಎಷ್ಟು ವ್ಯಾಪಕವಾದದ್ದೆಂದು ಊಹಿಸಬಹುದು.

ಹೊಸ್ತಿಲು ಗಟ್ಟಿಯಿದೆಯೆಂದು ಇಟ್ಟುಕೊಳ್ಳೋಣ. ಮೂಲ ಮಾದರಿಯ ಜ್ಯಾಕಿಯನ್ನು ಎಲ್ಲಿ ಹುಡುಕಬೇಕು? ಹ್ಯಾಂಪ್‌ಷೈರಿನ ಬ್ಯೂಲಿ ಎಂಬಲ್ಲಿ, ಮೋಟಾರು ವಸ್ತುಸಂಗ್ರಹಾಲಯದ ಬಯಲಿನಲ್ಲಿ, 1967ರಲ್ಲಿ ಮೊದಲಾದ ಹಳೆಯ ಬಿಡಿಭಾಗಗಳ ಸಂತೆಯೊಂದುಂಟು. ನಮ್ಮ ಜಾತ್ರೆಯಲ್ಲಿ ಪಾತ್ರೆ ಹರಡಿದಂತೆ ಅಲ್ಲಿ ದೀಪ, ಗಡಿಯಾರ, ಬೀಗ, ಸ್ಪ್ಯಾನರುಗಳನ್ನು ಹರಡಿಕೊಂಡು ಕೂರುತ್ತಾರೆ. ಎಮ್.ಜಿ. ಗಾಡಿಗಳ ಸಂಘಗಳ ಸದಸ್ಯರಲ್ಲಿಯೂ ವಿಚಾರಿಸಬಹುದು. ಆದರೆ ಆ ಕಾಲದ ಇಂಗ್ಲಿಷ್ ಗಾಡಿಗಳ ಜ್ಯಾಕಿಗಳು ನೋಟಕ್ಕೆ ಅಣ್ಣತಮ್ಮಂದಿರಂತೆ ಇರುತ್ತವೆ. ಮಾರುವವನ ಮಾತಿಗಿಂತ ಅಳತೆಯೇ ಪ್ರಮಾಣ. ಗೂಡಿನ ಒಳಗಲವನ್ನೂ ಆಳವನ್ನೂ ಒಂದು ಮರದ ಕಡ್ಡಿಯಿಂದ ತೆಗೆದುಕೊಂಡು ಆ ಕಡ್ಡಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಸಂತೆಗೆ ಹೋಗತಕ್ಕದ್ದು. ತೋಳು ಗೂಡಿಗಿಂತ ತೆಳ್ಳಗಿದ್ದರೆ ಒಳಗೆ ಅಲುಗಾಡಿ ಒಂದೇ ಅಂಚಿನ ಮೇಲೆ ಭಾರ ಬೀಳುವುದು. ಗಿಡ್ಡವಾಗಿದ್ದರೆ ಭಾರವೆಲ್ಲ ಗೂಡಿನ ಬಾಯಿಯ ತಗಡಿನ ಮೇಲೆಯೇ ಬೀಳುವುದು.

ಹಳೆಯ ಜ್ಯಾಕಿಯನ್ನು ಕೊಳ್ಳುವಾಗ ತಿರುಪನ್ನು ಅಡಿಯಿಂದ ತುದಿಯವರೆಗೆ ಒಮ್ಮೆ ಪೂರ್ತಿಯಾಗಿ ಓಡಿಸಿ ನೋಡಬೇಕು. ಎಲ್ಲಿಯಾದರೂ ಬಿಗಿಯಾಗಿ ಮುಂದೆ ಸಡಿಲವಾದರೆ ಕಂಬ ಬಾಗಿದೆ ಅಥವಾ ತಿರುಪಿನ ಸುತ್ತುಗಳು ಸವೆದಿವೆ. ಸವೆತವು ತುದಿಗಳಲ್ಲಿ ಕಾಣುವುದಿಲ್ಲ, ದಿನವೂ ಭಾರ ಹೊತ್ತ ನಡುಭಾಗದಲ್ಲಿ ಕಾಣುವುದು. ಆದುದರಿಂದ ಗ್ರೀಸನ್ನು ಸೀಮೆಯೆಣ್ಣೆಯಲ್ಲಿ ತೊಳೆದು ನೋಡದೆ ಹಣ ಕೊಡಬಾರದು. ಹೊಸ ಬಣ್ಣ ಬಳಿದ ಜ್ಯಾಕಿಯನ್ನು ಕಂಡರೆ ನನಗೆ ಸಂಶಯವೇ ಹೆಚ್ಚು. ಬಣ್ಣದ ಕೆಳಗೆ ಬಿರುಕೂ ಬೆಸುಗೆಯೂ ಮರೆಯಾಗುತ್ತವೆ. ತುಕ್ಕು ಹಿಡಿದು ಪ್ರಾಮಾಣಿಕವಾಗಿ ಕಾಣುವ ಜ್ಯಾಕಿಯೇ ವಾಸಿ.

ಗೂಡನ್ನು ನೆಚ್ಚಲಾಗದವರು ಬೇರೆ ಬಗೆಯ ಜ್ಯಾಕಿಗಳ ಕಡೆ ತಿರುಗಬೇಕು. ಬಾಟ್ಲಿ ಜ್ಯಾಕಿ ಲಾರಿಗೆ ಸರಿ. ನೆಲಕ್ಕೆ ಹತ್ತಿರವಾಗಿರುವ ಸ್ಪೋರ್ಟ್ಸ್ ಕಾರಿನ ಕೆಳಗೆ ಸಾಮಾನ್ಯವಾಗಿ ಅದು ನುಗ್ಗುವುದೇ ಇಲ್ಲ. ಕತ್ತರಿಯಂತೆ ಮಡಿಸುವ ಜ್ಯಾಕಿ ಚಪ್ಪಟೆಯಾಗಿ ಮಡಿಯುವುದರಿಂದ ಡಿಕ್ಕಿಯಲ್ಲಿ ಒಯ್ಯುವುದಕ್ಕೆ ಉತ್ತಮ. ಅದರ ಸ್ವಭಾವವೊಂದನ್ನು ತಿಳಿದಿರಬೇಕು: ಪೂರ್ತಿ ಮಡಿಸಿದ ಸ್ಥಿತಿಯಲ್ಲಿ ಎತ್ತುವುದಕ್ಕೆ ಹೆಚ್ಚು ಬಲ ಬೇಕು, ಏಳುತ್ತ ಹೋದಂತೆ ಹಗುರವಾಗುವುದು. ಅದನ್ನು ಹೊಸ್ತಿಲಿನ ತೆಳು ಅಂಚಿನ ಕೆಳಗೆ ಇಡಲೇಬಾರದು. ನೆಲತಗಡಿನ ಕೆಳಗೆ ಉದ್ದಕ್ಕೆ ಹೋಗುವ ಗಟ್ಟಿ ಕೊಳವೆಯ ಕೆಳಗೆ, ಅಥವಾ ಹಿಂದಿನ ಪಟ್ಟಿ ಸ್ಪ್ರಿಂಗಿನ ಮುಂದಿನ ತುದಿ ಮೈಗೆ ಸೇರುವಲ್ಲಿ, ಮರದ ತುಂಡೊಂದನ್ನು ನಡುವೆ ಕೊಟ್ಟು ಇಡತಕ್ಕದ್ದು. ಆ ಜಾಗಗಳೂ ತುಕ್ಕಿಗೆ ಹೊರತಲ್ಲವಾದ್ದರಿಂದ ಮೊದಲು ಸುತ್ತಿಗೆಯ ಹಿಡಿಯಿಂದ ತಟ್ಟಿ ಸದ್ದು ಕೇಳಬೇಕು.

ಮನೆಯ ಕೆಲಸಕ್ಕೆ ಎಲ್ಲಕ್ಕಿಂತ ಅನುಕೂಲವಾದದ್ದು ನಾಲ್ಕು ಗಾಲಿಗಳ ಟ್ರಾಲಿ ಜ್ಯಾಕಿ. ಎಮ್.ಜಿ.ಬಿ.ಯ ಮುಂದೆ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಹಾಯ್ದಿರುವ ದಪ್ಪ ಉಕ್ಕಿನ ತೊಲೆ ಅದಕ್ಕೆ ಒಳ್ಳೆಯ ಜಾಗ. ಈ ಜ್ಯಾಕಿಯೊಳಗೆ ಎಣ್ಣೆ ತುಂಬಿರುತ್ತದೆ. ಜೋಸೆಫ್ ಬ್ರಾಮಾ ಎಂಬಾತ 1795ರಲ್ಲಿ ಹಕ್ಕುಪತ್ರ ಪಡೆದ ನೀರಿನ ಒತ್ತುಯಂತ್ರದ ತತ್ತ್ವವೇ ಇದರದೂ. ಸಣ್ಣ ಕೊಂತದ ಅಡ್ಡಗಲ 1 ಸೆಂಟಿಮೀಟರೂ ದೊಡ್ಡದರದು 4 ಸೆಂಟಿಮೀಟರೂ ಆದರೆ ವಿಸ್ತೀರ್ಣದಲ್ಲಿ ಹದಿನಾರು ಪಟ್ಟು ಭೇದ. ಹಿಡಿಯ ಸನ್ನೆಯಿಂದ ಇನ್ನು ಹತ್ತು ಪಟ್ಟು ಲಾಭ ದೊರೆತರೆ, ಘರ್ಷಣೆಯ ನಷ್ಟವನ್ನು ಬಿಟ್ಟು, 5 ಕಿಲೋಗ್ರಾಮಿನ ಕೈಬಲ 800 ಕಿಲೋಗ್ರಾಮಿಗೆ ಸಮನಾಗುವುದು. ಇಡೀ ಗಾಡಿಯ ತೂಕವೇ ಒಂದು ಟನ್ನಿನ ಆಸುಪಾಸಾದ್ದರಿಂದ ಬಲದ ಕೊರತೆಯಿಲ್ಲ. ಆದರೆ ತಿರುಪಿಗೂ ಎಣ್ಣೆಗೂ ದೊಡ್ಡ ವ್ಯತ್ಯಾಸವೊಂದಿದೆ. ತಿರುಪು ತನ್ನ ಘರ್ಷಣೆಯಿಂದಲೇ ನಿಂತಲ್ಲಿ ನಿಲ್ಲುತ್ತದೆ; ಎಣ್ಣೆಯ ಜ್ಯಾಕಿಯನ್ನು ನಿಲ್ಲಿಸಿರುವುದು ಒಂದು ರಬ್ಬರಿನ ಬಳೆ. ಅದು ಸವೆದರೆ ಸದ್ದಿಲ್ಲದೆ ಇಳಿಯುತ್ತದೆ, ಹರಿದರೆ ಒಮ್ಮೆಗೇ ಇಳಿಯುತ್ತದೆ.

ಆದ್ದರಿಂದ ಜ್ಯಾಕಿ ಯಾವುದೇ ಆಗಿರಲಿ, ಅದು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಗಾಡಿಯ ಕೆಳಗೆ ತಲೆ ಅಥವಾ ಕೈಯನ್ನು ಹಾಕುವ ಕೆಲಸವಿದ್ದರೆ ಉಕ್ಕಿನ ಸ್ಟ್ಯಾಂಡುಗಳನ್ನು ಕೊಟ್ಟು ಭಾರವನ್ನು ಅವುಗಳ ಮೇಲೆ ಇಳಿಸಿಯೇ ಮುಂದಿನ ಮಾತು. ಇಟ್ಟಿಗೆಯನ್ನು ಪೇರಿಸಿ ನಿಲ್ಲಿಸುವ ದುಡುಕು ಎಲ್ಲ ಊರುಗಳಲ್ಲಿಯೂ ಉಂಟು. ಇಟ್ಟಿಗೆ ಮುನ್ಸೂಚನೆ ಕೊಡದೆ ಸಿಡಿಯುವ ವಸ್ತು. ಮನೆಯಂಗಳದಲ್ಲಿ ಈ ಕೆಲಸ ನಡೆಯುವಾಗ ಮಕ್ಕಳು ಕುತೂಹಲದಿಂದ ಗಾಡಿಗೆ ಒರಗುವುದೂ ಒಳಗೆ ಹತ್ತಿ ಕೂರುವುದೂ ಸಹಜ. ಅವರನ್ನು ದೂರವಿಡಲು ಮನೆಯವರೊಬ್ಬರನ್ನು ನೇಮಿಸುವುದು ಸ್ಟ್ಯಾಂಡಿನಷ್ಟೇ ಅಗತ್ಯ.

ಎತ್ತರದ ಲೆಕ್ಕದಲ್ಲಿ ಅನೇಕರು ಎಡವುತ್ತಾರೆ. ಅಂಗಡಿಯಲ್ಲಿ ಜ್ಯಾಕಿ ಕೊಳ್ಳುವಾಗ ಗಾಳಿ ತುಂಬಿದ ಚಕ್ರಗಳ ಮೇಲೆ ನಿಂತ ಗಾಡಿಯನ್ನು ಅಳೆದಿರುತ್ತಾರೆ. ದಾರಿಯಲ್ಲಿ ಗಾಳಿ ಹೋದಾಗ ಗಾಡಿ ಇನ್ನೂ ಕೆಳಗೆ ಕುಸಿದು ಜ್ಯಾಕಿ ಒಳಗೆ ಹೋಗುವುದೇ ಇಲ್ಲ. ಮೇಲಿನ ಎತ್ತರಕ್ಕೂ ಇದೇ ನಿಯಮ: ಚಪ್ಪಟೆಯಾದ ಚಕ್ರ ಹೊರಕ್ಕೆ ಬಂದಷ್ಟಕ್ಕೆ ಸಾಲದು, ಗಾಳಿ ತುಂಬಿದ ಸ್ಟೆಪ್ನಿ ಒಳಕ್ಕೆ ಹೋಗಬೇಕು. ಮೈಯನ್ನು ಎತ್ತುವಾಗ ಸ್ಪ್ರಿಂಗು ಕೆಳಕ್ಕೆ ಚಾಚಿಕೊಳ್ಳುವುದರಿಂದ ಚಕ್ರ ನೆಲಬಿಡುವುದಕ್ಕೆ ಮುಂಚೆಯೇ ಹಲವು ಅಂಗುಲಗಳು ವ್ಯರ್ಥವಾಗುತ್ತವೆ. ಅಚ್ಚನ್ನೇ ಎತ್ತಿದರೆ ಅಷ್ಟು ಬೇಕಾಗುವುದಿಲ್ಲ. 1974ರ ಅನಂತರ ಕರಿಯ ರಬ್ಬರ್ ಬಂಪರಿನ ಗಾಡಿಗಳು ಬಂದಾಗ ಗಾಡಿಯ ಎತ್ತರವನ್ನೂ ಹೆಚ್ಚಿಸಿದ್ದರಿಂದ, ಸ್ನೇಹಿತನ ಎಮ್.ಜಿ.ಬಿ.ಗೆ ಹೊಂದಿದ ಜ್ಯಾಕಿ ನಿಮ್ಮದಕ್ಕೆ ಹೊಂದುವುದೆಂಬ ಭರವಸೆಯಿಲ್ಲ. ಒಂದು ಭಾನುವಾರ ಮನೆಯಲ್ಲಿಯೇ ಚಕ್ರದ ಗಾಳಿಯನ್ನು ತೆಗೆದು ಇಡೀ ಕೆಲಸವನ್ನು ಒಮ್ಮೆ ಮಾಡಿನೋಡುವುದೇ ಸರಿಯಾದ ಪರೀಕ್ಷೆ.

ಹಾಗೆ ಮಾಡುವಾಗ ಗಾಡಿಯನ್ನು ಗೇರಿನಲ್ಲಿಟ್ಟಿದ್ದೇನೆಂದು ನಿಶ್ಚಿಂತರಾಗಬಾರದು. ಹಿಂದಿನ ಒಂದು ಚಕ್ರ ನೆಲಬಿಟ್ಟೊಡನೆ ಡಿಫರೆನ್ಷಿಯಲಿನ ಹಲ್ಲುಚಕ್ರಗಳ ಮೂಲಕ ಅದು ಒಂದು ಕಡೆ ತಿರುಗಿ, ನೆಲದ ಮೇಲಿನ ಚಕ್ರವು ಮತ್ತೊಂದು ಕಡೆ ಉರುಳಬಹುದು. ಗೇರು ಇದನ್ನು ತಡೆಯಲಾರದು. ಕೈಬ್ರೇಕನ್ನು ಬಲವಾಗಿ ಎಳೆದು, ಎದುರು ಮಗ್ಗುಲಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ತುಂಡುಗಳನ್ನು ಒತ್ತಿ ಕೊಡತಕ್ಕದ್ದು.

ಇನ್ನು ಮೂಲ ಜ್ಯಾಕಿಯೇ ಡಿಕ್ಕಿಯಲ್ಲಿರಬೇಕೆಂಬ ಅಭಿಮಾನಿಗಳ ಹಂಬಲ. ಪ್ರದರ್ಶನಗಳಲ್ಲಿ ಉಪಕರಣಗಳ ಚೀಲವನ್ನೂ ಬಿಡಿಸಿ ನೋಡುವ ತೀರ್ಪುಗಾರರುಂಟು. ಅಂತಹವರಿಗಾಗಿ ಅದನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ದೇವರ ಮನೆಯ ಬೆಳ್ಳಿಯ ತಟ್ಟೆಯಲ್ಲಿ ದಿನವೂ ಊಟ ಮಾಡುವುದಿಲ್ಲವಷ್ಟೆ! ಹೊಸ್ತಿಲು ಹೊಸದಾಗಿ ಬೆಸೆದದ್ದಲ್ಲದಿದ್ದರೆ ರಸ್ತೆಗೆ ಕತ್ತರಿ ಜ್ಯಾಕಿ, ಮನೆಗೆ ಟ್ರಾಲಿ ಜ್ಯಾಕಿ, ಜೊತೆಗೆ ಸ್ಟ್ಯಾಂಡುಗಳು ಎಂಬುದೇ ನನ್ನ ಅಭಿಪ್ರಾಯ. ಕತ್ತರಿ ಜ್ಯಾಕಿಯೊಂದಿಗೆ ಒಂದಡಿ ಚದರದ ದಪ್ಪ ಹಲಗೆಯೊಂದನ್ನೂ ಇಟ್ಟುಕೊಂಡಿರಬೇಕು. ಮಳೆಯಲ್ಲಿ ನೆನೆದ ರಸ್ತೆಯಂಚಿನಲ್ಲಿ ಅದಿಲ್ಲದೆ ಜ್ಯಾಕಿಯೇ ಮಣ್ಣಿಗೆ ಇಳಿಯುವುದು. ತಂತಿಯ ಕಡ್ಡಿಗಳ ಚಕ್ರವುಳ್ಳ ಗಾಡಿಯಾದರೆ ನಡುವಿನ ದೊಡ್ಡ ನಟ್ಟನ್ನು ಸಡಿಲಿಸಲು ತಾಮ್ರದ ಸುತ್ತಿಗೆಯೂ ಬೇಕು. ಗಾಡಿ ಮುಂದಕ್ಕೆ ಹೋಗುವಾಗ ಚಕ್ರ ಯಾವ ಕಡೆಗೆ ತಿರುಗುವುದೋ ಆ ಕಡೆಗೆ ಬಡಿದರೆ ನಟ್ಟು ಸಡಿಲವಾಗುವುದು, ಎದುರು ಕಡೆಗೆ ಬಡಿದರೆ ಬಿಗಿಯಾಗುವುದು. ಈ ಮೊದಲ ಪೆಟ್ಟುಗಳನ್ನು ಚಕ್ರ ಇನ್ನೂ ನೆಲದ ಮೇಲಿರುವಾಗಲೇ ಕೊಡಬೇಕು. ಜ್ಯಾಕಿಯ ಮೇಲೆ ನಿಂತ ಗಾಡಿಗೆ ಸುತ್ತಿಗೆಯ ಜೋರು ಪೆಟ್ಟು ಬೀಳಬಾರದು.